ಸರದಾರನ ಕಿವಿ

ಬನಹಟ್ಟಿಯ ಮುರಗೆಪ್ಪನ ನಾಯಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಂಬುದು ಸಾವಿರದ ಒಂಬೈನೂರಾ ಎಂಬತ್ತೆರಡರ ಬೇಸಿಗೆಯಲ್ಲಿ ಎರಡು ತಾಲೂಕು, ಎರಡು ಮನೆತನ ಮತ್ತು ಆರು ಮಗ್ಗಗಳ ನೆಮ್ಮದಿ ಕೆಡಿಸಿದ ಪ್ರಶ್ನೆ. ಅದೇ ಬೇಸಿಗೆಯಲ್ಲಿ ದೇಶದಲ್ಲಿ ಬೇರೆ ಸಂಗತಿಗಳೂ ನಡೆದಿರಬೇಕು, ಪೇಪರಿನಲ್ಲಿ ಬರುತ್ತಿದ್ದವು. ಆದರೆ ಆ ಓಣಿಯಲ್ಲಿ ಪೇಪರು ಓದಿ ಮಡಿಚಿಟ್ಟ ಮೇಲೆ ಜನ ಮಾತಿಗೆ ಎತ್ತಿಕೊಳ್ಳುತ್ತಿದ್ದುದು ನಾಯಿಯ ಕಿವಿಯನ್ನೇ.

ನಾಯಿಯ ಹೆಸರು ಸರದಾರ. ಮುಧೋಳದ ಬೇಟೆ ತಳಿ. ನಾಲ್ಕು ಉದ್ದನೆಯ ಕಾಲು, ಬೆನ್ನಿಗೆ ಹತ್ತಿಕೊಂಡ ಹೊಟ್ಟೆ, ಮುಷ್ಟಿಯಲ್ಲಿ ಹಿಡಿಯಬಹುದಾದಂಥ ಚೂಪು ಮೂತಿ, ಮುಖದ ಮೇಲೆ ಪಿಂಚಣಿ ಇನ್ನೂ ಮಂಜೂರಾಗದ ಹೆಡ್‌ಮಾಸ್ತರರ ಗಾಂಭೀರ್ಯ. ಹೊಟ್ಟೆತುಂಬ ನುಚ್ಚು ಮಜ್ಜಿಗೆ ಉಂಡು ಎದ್ದರೂ ಮೂರು ದಿನದ ಉಪವಾಸಿಯಂತೆ ಕಾಣುವುದು ಈ ತಳಿಯ ಹುಟ್ಟುಗುಣ. ಇದರಿಂದ ಮುರಗೆಪ್ಪನ ಹೆಂಡತಿ ರತ್ನಾಬಾಯಿಗೆ ಓಣಿಯಲ್ಲಿ ವಿನಾಕಾರಣ ಕೆಟ್ಟ ಹೆಸರು ಬಂದಿತ್ತು. ನೀರಿಗೆ ಬಂದ ಹೆಂಗಸರು ನಾಯಿಯ ಪಕ್ಕೆಲುಬು ಎಣಿಸಿ, ಆಮೇಲೆ ಅವಳ ಮುಖ ನೋಡುತ್ತಿದ್ದರು.

ನಾಯಿಯನ್ನು ಕೊಟ್ಟವನು ಮುರಗೆಪ್ಪನ ಅಕ್ಕ ಮುತ್ತವ್ವನ ಗಂಡ, ಲೋಕಾಪುರ ಕ್ರಾಸಿನ ಚನಮಲ್ಲಪ್ಪ. ಕಬ್ಬಿನ ಗದ್ದೆ, ದೊಡ್ಡ ಮನೆ, ಅದಕ್ಕಿಂತ ದೊಡ್ಡ ಮೀಸೆ. ಅವನ ಮನೆಯಲ್ಲಿ ಮೂರು ತಲೆಮಾರಿನಿಂದ ಈ ನಾಯಿಗಳಿದ್ದವು. ಆದರೆ ಅವನು ಮರಿಗಳನ್ನು ಮಾರುವವನಲ್ಲ. ಯಾರಾದರೂ ಕೇಳಿದರೆ ಮನೆ ಎಂಥದ್ದು, ಅಂಗಳ ಎಷ್ಟಗಲ, ಮನೆಯ ಹೆಣ್ಣುಮಗಳ ಸ್ವಭಾವ ಹೇಗೆ ಎಂದು ವಧುವಿನ ಕಡೆಯವರ ಹಾಗೆ ವಿಚಾರಿಸಿ, ಮನಸ್ಸಿಗೆ ಬಂದರೆ ಕೊಡುವನು. ವರ್ಷ ತುಂಬಿದ ಮೇಲೆ ತಾನೇ ಹೋಗಿ ನೋಡುವನು. ನಾಯಿ ಕೆಟ್ಟಿದೆ ಅನ್ನಿಸಿದರೆ ಮಾತಿಲ್ಲದೆ ತಿರುಗಿ ಒಯ್ಯುವನು. ಜಮಖಂಡಿಯ ವಕೀಲರೊಬ್ಬರು ಬಿಸ್ಕೀಟು ತಿನ್ನಿಸಿ ತಿನ್ನಿಸಿ ನಾಯಿಗೆ ಹೊಟ್ಟೆ ಬರಿಸಿದ್ದರು, ಒಯ್ದ. ಬೀಳಗಿಯ ಒಬ್ಬರು ಹಗಲೆಲ್ಲ ಸರಪಳಿ ಹಾಕಿ ಕಟ್ಟಿದ್ದರು, ಅದನ್ನೂ ಒಯ್ದ. ಹೆಂಡತಿಯ ತಮ್ಮ ಎಂದು ಮುರಗೆಪ್ಪನಿಗೆ ರಿಯಾಯಿತಿ ಏನೂ ಇರಲಿಲ್ಲ.

ಮುರಗೆಪ್ಪನಿಗೆ ಅದರ ಹೆದರಿಕೆಯೂ ಇರಲಿಲ್ಲ. ಯಾಕೆಂದರೆ ಅವನ ಲೆಕ್ಕದಲ್ಲಿ ಸರದಾರನಿಗೆ ಕನ್ನಡ ಬರುತ್ತಿತ್ತು. ಬಾ ಅಂದರೆ ಬರುವುದು, ಕೂಡು ಅಂದರೆ ಕೂಡುವುದು, ಹೊರಗೆ ನಡಿ ಅಂದರೆ ಹೊರಗೆ ನಡೆಯುವುದು. ಚಹಾದ ಅಂಗಡಿಯಲ್ಲಿ ಕುಳಿತು ಅವನು ಇದನ್ನು ಎಷ್ಟು ಸಲ ಹೇಳಿದ್ದನೆಂದರೆ, ಕೇಳುವವರಿಗೆ ನಾಯಿಗಿಂತ ಹೆಚ್ಚು ಬಾಯಿಪಾಠ ಆಗಿತ್ತು. ಸ್ವಲ್ಪ ಮರಾಠಿಯೂ ತಿಳಿಯುತ್ತದೆ, ಆದರೆ ತೋರಿಸಿಕೊಳ್ಳುವುದಿಲ್ಲ ಎಂದು ಒಂದು ಸಲ ಹೇಳಿ, ಅದನ್ನು ಮಾತ್ರ ಮುಂದೆ ಒತ್ತಿ ಹೇಳಲಿಲ್ಲ.

ಮುರಗೆಪ್ಪನ ಮನೆಯ ಹಿಂದಿನ ಅರ್ಧ ಮಗ್ಗದ ಶೆಡ್ಡು. ಅಲ್ಲಿ ಆರು ಪಾವರಲೂಮು. ಆರೂ ಒಟ್ಟಿಗೆ ಓಡಿದರೆ ಆಡಿದ ಮಾತು ಆಡಿದವನ ಕಿವಿಗೇ ಮುಟ್ಟುವುದಿಲ್ಲ. ಆದ್ದರಿಂದ ಬನಹಟ್ಟಿಯ ಯಾವ ಶೆಡ್ಡಿನಲ್ಲೂ ಜನ ಮಾತಾಡುವುದು ಕೈಯಿಂದ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ ಎಂದು. ತೋರುಬೆರಳನ್ನು ಗಿರಗಿರ ತಿರುಗಿಸಿದರೆ ಲಾಳಿಯೊಳಗಿನ ನೂಲಿನ ಕಂಡಿಕೆ ಮುಗಿದಿದೆ ಎಂದು. ಹೆಬ್ಬೆರಳು ಬಾಯಿಗೆ ತೋರಿಸಿದರೆ ಚಹಾ ಬಂದಿದೆ ಎಂದು. ಇಪ್ಪತ್ತು ವರ್ಷ ಇದರಲ್ಲೇ ಬೆಳೆದ ಮುರಗೆಪ್ಪನ ಬಾಯಿ ಮತ್ತು ಕೈ ಒಂದೇ ನೊಗಕ್ಕೆ ಹೂಡಿದ ಎತ್ತುಗಳಿದ್ದ ಹಾಗೆ. ಒಂದು ಎದ್ದರೆ ಇನ್ನೊಂದು ಏಳುತ್ತಿತ್ತು. ಗುಡಿಯಲ್ಲಿ ಸ್ವಾಮಿಯೊಂದಿಗೆ ಮಾತಾಡುವಾಗಲೂ ಅವನು ಬೆರಳು ಆಡಿಸುತ್ತಾನೆಂದು ರತ್ನಾಬಾಯಿಗೆ ನಾಚಿಕೆ.

ಶೆಡ್ಡಿನ ಮೂಲೆಯಲ್ಲಿ ಕಂಡಿಕೆ ಸುತ್ತುವ ಕರೆವ್ವ ಕೂಡುತ್ತಿದ್ದಳು. ಮುರಗೆಪ್ಪನ ತಂದೆಯ ಕಾಲದಿಂದ ಇದ್ದವಳು. ಅವಳ ಪಕ್ಕದಲ್ಲಿ ಹರಕು ನೂಲಿನ ಗುಡ್ಡೆ. ಆ ಗುಡ್ಡೆಯ ಮೇಲೆ ಮರಿಯಿದ್ದಾಗಿನಿಂದ ಸರದಾರನ ಹಾಸಿಗೆ. ಆರು ಮಗ್ಗ ಗುದ್ದಾಡುತ್ತಿದ್ದರೂ ಅಲ್ಲಿ ಅವನಿಗೆ ಗಾಢ ನಿದ್ರೆ. ಕರೆವ್ವನಿಗೆ ಬಾಯಿ ಕಡಿಮೆ, ಕಣ್ಣು ಜಾಸ್ತಿ. ಆದರೆ ಕಂಡಿಕೆ ಸುತ್ತುವವಳನ್ನು ಯಾರೂ ಏನೂ ಕೇಳುವ ಪದ್ಧತಿ ಇರಲಿಲ್ಲ.

ವರ್ಷ ತುಂಬಿತು. ಒಂದು ಮಂಗಳವಾರ ಮುಂಜಾನೆ ಚನಮಲ್ಲಪ್ಪ ಜೀಪಿನಲ್ಲಿ ಬಂದಿಳಿದ. ಅದೇ ಹೊತ್ತಿಗೆ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು; ಓಣಿಗೆ ಓಣಿಯೇ ಉಸಿರು ಹಿಡಿದಂತಿತ್ತು. ಅವಲಕ್ಕಿ ಆಯಿತು, ಚಹಾ ಆಯಿತು, ಅಕ್ಕನ ಕ್ಷೇಮ ವಿಚಾರಿಸಿದ್ದಾಯಿತು. ಅಂಗಳದಲ್ಲಿ ಕುರ್ಚಿ ಹಾಕಿ ಚನಮಲ್ಲಪ್ಪನನ್ನು ಕೂಡಿಸಿದರು. ಮುರಗೆಪ್ಪ ಕೈ ಕಟ್ಟಿ ನಿಂತ. ಅಕ್ಕನ ಗಂಡನ ಮುಂದೆ ಕೈ ಕಟ್ಟಿ ನಿಲ್ಲುವುದು ಅವರ ಮನೆತನದ ರಿವಾಜು. ಅವನ ಅಪ್ಪ ನಿಂತಿದ್ದ, ಅಜ್ಜ ನಿಂತಿದ್ದ.

ಚನಮಲ್ಲಪ್ಪ ನಾಯಿಯ ಕಾಲು ನೋಡಿದ, ಹಲ್ಲು ನೋಡಿದ, ಪಕ್ಕೆಲುಬು ಎಣಿಸಿ ಮೆಚ್ಚಿದ. ರತ್ನಾಬಾಯಿಗೆ ವರ್ಷದಲ್ಲಿ ಮೊದಲ ಸಲ ಹಗುರ ಅನ್ನಿಸಿತು. ಆಮೇಲೆ ಅವನು ಹೇಳಿದ:

"ಕರಿ ನೋಡೂಣು."

ಮುರಗೆಪ್ಪ ಕೈ ಕಟ್ಟಿಕೊಂಡೇ ಕರೆದ. "ಸರದಾರ, ಬಾ."

ಅಂಗಳದ ಆ ತುದಿಯಲ್ಲಿದ್ದ ನಾಯಿ ತಲೆಯೆತ್ತಿ ಅವನನ್ನು ನೋಡಿತು. ಬಹಳ ಗಮನವಿಟ್ಟು ನೋಡಿತು. ಏನೋ ಬರಲಿದೆ ಎಂದು ಕಾಯುವವರ ಹಾಗೆ ಕಾಯಿತು. ಬರಲಿಲ್ಲ.

"ಬಾರಲೇ, ಬಾ ಅಂದೆ."

ನಾಯಿ ಆಕಳಿಸಿತು.

ಮುರಗೆಪ್ಪ ಒಂದು ಹೆಜ್ಜೆ ಮುಂದಿಟ್ಟ. ಮಾತಿನ ಸದ್ದು ಏರಿಸಿದ, ಪ್ರೀತಿಯಿಂದ ಕರೆದ, ಬೈದು ಕರೆದ, ಮರಾಠಿಯಲ್ಲೂ ಒಂದು ಸಲ ಕರೆದ. ಕೈ ಮಾತ್ರ ಎದೆಯ ಮೇಲಿಂದ ಬಿಚ್ಚಲಿಲ್ಲ. ಹೆದರಿಕೆ ಹೆಚ್ಚಿದಷ್ಟೂ ಮರ್ಯಾದೆ ಬಿಗಿಯಾಯಿತು. ನಾಯಿ ಇನ್ನೆರಡು ಸಲ ಆಕಳಿಸಿ ಮುಖ ಆಚೆ ತಿರುಗಿಸಿತು.

ಚನಮಲ್ಲಪ್ಪ ಎದ್ದು ನಾಯಿಯ ಹಿಂದೆ ಹೋಗಿ ಚಪ್ಪಾಳೆ ತಟ್ಟಿದ. ನಾಯಿ ತಿರುಗಲಿಲ್ಲ. ತಾಮ್ರದ ತಂಬಿಗೆ ತರಿಸಿ ಕಲ್ಲಿನ ಮೇಲೆ ಬೀಳಿಸಿದ. ಒಂದು ಕಿವಿ ಒಂದಿಷ್ಟು ಅಲುಗಿತು, ಅಷ್ಟೇ. ಆರು ಮಗ್ಗದ ನಡುವೆ ಬೆಳೆದ ಪ್ರಾಣಿಗೆ ಒಂದು ತಂಬಿಗೆ ಬಿದ್ದದ್ದು ಸದ್ದಲ್ಲ ಎಂದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.

"ಕಿವುಡ ಆಗೈತಿ," ಎಂದ ಚನಮಲ್ಲಪ್ಪ. "ಮಗ್ಗದ ಸದ್ದು ಕಿವಿ ತಿಂದೈತಿ. ತಪ್ಪು ನಂದ. ಶೆಡ್ಡಿನ ಮನಿಗೆ ಮರಿ ಕೊಡಬಾರದಿತ್ತು."

"ಮಾಮಾರ, ನಿನ್ನಿತನಾ ಛಲೋ ಕೇಳತಿತ್ತರಿ."

"ಹಂಗಾರ ನಾ ನಿನ್ನೆ ಬರಬೇಕಿತ್ತೇನು?"

ಜೀಪಿನ ಹಿಂದಿನ ಬಾಗಿಲು ತೆಗೆದರು. ಡ್ರೈವರು ಎಳೆದ, ನಾಯಿ ನಾಲ್ಕೂ ಕಾಲು ಊರಿ ನಿಂತಿತು. ಎಳೆದಾಡಿ ನಾಯಿಗೆ ನೋವಾಗುವುದನ್ನು ನೋಡಲಾರದೆ ಮುರಗೆಪ್ಪನೇ ಮುಂದೆ ಬಂದು, ಕೊನೆಗೂ ಕೈ ಬಿಚ್ಚಿ, ಜೀಪಿನ ಕಡೆ ಬೀಸಿ, "ಹತ್ತಪಾ ತಮ್ಮಾ," ಅಂದ. ಸರದಾರ ಒಂದೇ ನೆಗೆತಕ್ಕೆ ಹತ್ತಿ ಕುಳಿತ. ಜೀಪು ಹೋಯಿತು.

ಇದನ್ನು ಯಾರೂ ಗಮನಿಸಲಿಲ್ಲ. ಕರೆಂಟಿಲ್ಲದೆ ಅಂಗಳಕ್ಕೆ ಬಂದು ನಿಂತಿದ್ದ ಕರೆವ್ವ ಗಮನಿಸಿದಳು. ಅವಳನ್ನು ಯಾರೂ ಕೇಳಲಿಲ್ಲ.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಏನೂ ನಡೆಯಲಿಲ್ಲ, ಅದೇ ತೊಂದರೆ. ರತ್ನಾಬಾಯಿ ಮೊದಲ ರೊಟ್ಟಿ ಹಂಚಿನಿಂದ ಇಳಿಸಿ, ಮುರಿದು, ಮೂಲೆ ಕಡೆ ನೋಡಿ, ಆಮೇಲೆ ಕಾಗೆಗೆ ಹಾಕುವಳು. ಯಾಕೆ ಎಂದು ಮುರಗೆಪ್ಪ ಕೇಳಿದರೆ ತಾನು ಮೊದಲಿನಿಂದಲೂ ಕಾಗೆಗೇ ಹಾಕುತ್ತಿದ್ದೆ ಎಂದಳು. ಮುರಗೆಪ್ಪ ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟ. ಅಲ್ಲಿ ಜನ ಅವನನ್ನು ಬೇಕೆಂತಲೇ ಎರಡೆರಡು ಸಲ ಕರೆದು, ಕೇಳಿಸಿತೇನೋ ಎಂದು ವಿಚಾರಿಸುತ್ತಿದ್ದರು. ಶೆಡ್ಡಿಗೆ ಹೋಗುವಾಗ ಅಂಗಿಯ ಜೇಬಿನಲ್ಲಿ ರೊಟ್ಟಿಯ ಚೂರು ಹಾಕಿಕೊಳ್ಳುವ ರೂಢಿ ಮಾತ್ರ ಹೋಗಲಿಲ್ಲ. ಸಂಜೆ ಅದನ್ನು ತೆಗೆದು ತಾನೇ ತಿನ್ನುತ್ತಿದ್ದ.

ಇನ್ನೊಂದು ವಿಚಿತ್ರವೂ ಆಯಿತು. ಹತ್ತು ವರ್ಷದಲ್ಲಿ ಒಂದು ದಿನವೂ ಅವನ ನೇಕಾರರು ಕೈ ಕಟ್ಟಿ ಕುಳಿತದ್ದನ್ನು ಅವನು ಕಂಡಿರಲಿಲ್ಲ. ನಾಯಿ ಹೋದ ಹದಿನೈದು ದಿನದಲ್ಲಿ ಎರಡು ಸಲ ಅವರು ತಂಬಾಕು ತಿಕ್ಕುತ್ತ ಕುಳಿತಿದ್ದಾಗಲೇ ಒಳಗೆ ಕಾಲಿಟ್ಟ. ನಾಯಿ ಹೋದ ದುಃಖಕ್ಕೆ ಇವರಿಗೂ ಕೈ ಓಡುತ್ತಿಲ್ಲ ಎಂದುಕೊಂಡು ಮನಸ್ಸು ಕರಗಿ ತಿರುಗಿ ಬಂದ.

ಮೂರನೇ ವಾರ ಅಕ್ಕನ ಕಾರ್ಡು ಬಂತು. ಮುತ್ತವ್ವ ನಾಲ್ಕನೇ ಇಯತ್ತೆ ಓದಿದವಳು. ಇರುವೆಯಂಥ ಅಕ್ಷರದಲ್ಲಿ ಕಾರ್ಡಿನ ಅಂಚಿನ ತನಕ ಬರೆಯುವಳು. ಆಗ ಕರೆಂಟು ಹೋಗಿತ್ತು. ಮುರಗೆಪ್ಪ ಶೆಡ್ಡಿನ ಹೊಸ್ತಿಲ ಮೇಲೆ ಕುಳಿತು, ಎಲ್ಲರಿಗೂ ಕೇಳುವ ಹಾಗೆ ಓದಿದ. ಮನೆಯಲ್ಲಿ ಎಲ್ಲರೂ ಕ್ಷೇಮ, ತಾನೊಬ್ಬಳು ಇಲ್ಲ ಎಂದು ಶುರುವಾಗಿತ್ತು. ಕಾರಣ ನಾಯಿ. ಅದಕ್ಕೆ ಕಿವಿ ಇಲ್ಲ, ಆದರೆ ಮನೆಗೆ ಯಾರಾದರೂ ಬರುವುದು ಮೊದಲೇ ಗೊತ್ತಾಗುತ್ತದೆ. ಎಲ್ಲೇ ಮಲಗಿರಲಿ, ಎದ್ದು ಗೇಟಿಗೆ ಹೋಗಿ ರಸ್ತೆ ನೋಡುತ್ತ ನಿಲ್ಲುತ್ತದೆ. ಐದು ನಿಮಿಷದಲ್ಲಿ ಯಾರೋ ಬರುತ್ತಾರೆ. ಚನಮಲ್ಲಪ್ಪ ಇದು ದೈವದ ನಾಯಿ ಎಂದು ಊರೆಲ್ಲ ಹೇಳಿದ್ದಾನೆ. ಅದನ್ನು ನೋಡಲು ಜನ ಬರುತ್ತಾರೆ. ಅವರು ಬರುವುದೂ ನಾಯಿಗೆ ಮೊದಲೇ ಗೊತ್ತಾಗುತ್ತದೆ. ನಾಯಿ ಗೇಟಿಗೆ ಹೋದ ಕೂಡಲೇ ಒಲೆಯ ಮೇಲೆ ನೀರಿಡು ಎಂದು ಹುಕುಂ ಆಗಿದೆ. ದಿನಕ್ಕೆ ಆರು ಸಲ ಒಲೆ ಊದಿ ತನ್ನ ಕಣ್ಣು ಹೋದವು.

"'ಬಸ್ಸಿನ ಹಾರ್ನು ಕೇಳಿ ನಿಮ್ಮ ಮಾಮಾ ಧೋತರ ಝಾಡಿಸಿ ಮೀಸಿ ತಿರುವಿಕೋತಾರ,'" ಎಂದು ಮುರಗೆಪ್ಪ ಕೊನೆಯ ಸಾಲು ಓದಿದ, "'ಅಷ್ಟರಾಗ ನಾಯಿ ಗೇಟಿಗೆ ಹೋಗಿ ನಿಂತಿರತೈತಿ. ಕಿವುಡ ನಾಯಿಗೆ ಬಸ್ಸು ಹೆಂಗ ಕೇಳಿಸೀತು, ನೀನ ಹೇಳು.'"

ನೇಕಾರರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಬಾರದೆಂದು ಬಹಳ ಪ್ರಯತ್ನಪಟ್ಟದ್ದು ಎದ್ದು ಕಾಣುತ್ತಿತ್ತು. ಒಬ್ಬ ಕೆಮ್ಮುತ್ತ ಹೊರಗೆ ಹೋದ. ಮೂಲೆಯಲ್ಲಿ ಕರೆವ್ವನ ಹೆಗಲು ಕುಣಿಯುತ್ತಿದ್ದವು. ಹದಿನೆಂಟು ವರ್ಷದಲ್ಲಿ ಅವಳು ನಕ್ಕದ್ದನ್ನು ಮುರಗೆಪ್ಪ ಕಂಡಿರಲಿಲ್ಲ. ಅಳುತ್ತಿದ್ದಾಳೆಂದುಕೊಂಡು ಸಮಾಧಾನ ಮಾಡಲು ಎದ್ದುಹೋದ.

ಉಳಿದವರು ಚಹಾಕ್ಕೆ ಹೋದ ಮೇಲೆ ಕರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಒಂದು ಮಾತು ಹೇಳುವುದಿದೆ, ಆದರೆ ಮೊದಲು ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಬೇಕು, ಯಾರನ್ನೂ ಕೆಲಸದಿಂದ ಬಿಡಿಸಬಾರದು, ಯಾರು ಶುರು ಮಾಡಿದರೆಂದೂ ಕೇಳಬಾರದು ಎಂದಳು. ಮುರಗೆಪ್ಪ ಅಂಗಿಯೊಳಗೆ ಕೈ ಹಾಕಿ ಮುಟ್ಟಿದ. ಆಗ ಅವಳು ಹೆಬ್ಬೆರಳು ತೋರುಬೆರಳು ಕೂಡಿಸಿ ಮೇಲ್ದುಟಿಯ ಅಂಚಿಗೆ ಒಯ್ದು, ಇಲ್ಲದ ಮೀಸೆಯನ್ನು ಒಂದು ಸುತ್ತು ತಿರುವಿದಳು.

"ಇದು ನೀವರಿ, ಸಾವಕಾರ್ರ."

"ನಾನ?"

"ನೀವು ಬಾಗಲದಾಗ ಕಂಡ್ರ ಒಬ್ಬರು ಹಿಂಗ ಮಾಡತಾರ. ಸಾವಕಾರ ಬಂದ ಅಂತ. ಎಲ್ಲಾರೂ ಮಗ್ಗಕ್ಕ ಹತ್ತತಾರ."

ಮುರಗೆಪ್ಪನ ಕೈ ತಾನಾಗಿ ತುಟಿಯ ಮೇಲೆ ಹೋಯಿತು. ಅಲ್ಲಿ ಇದ್ದದ್ದನ್ನು ಮೀಸೆ ಎನ್ನುವುದು ಔದಾರ್ಯದ ಮಾತು. ಮೀಸೆಯ ಮುನ್ಸೂಚನೆ ಎನ್ನಬಹುದು. ಹತ್ತು ವರ್ಷದಿಂದ ಅದು ಹಾಗೇ ಇತ್ತು. ಅದರ ತುದಿ ಸಿಕ್ಕೀತೇ ಎಂದು ಶೆಡ್ಡಿಗೆ ಬರುವಾಗಲೆಲ್ಲ ಹುಡುಕಿ ನೋಡುವುದು ಅವನ ಚಾಳಿ.

"ತಿರುವೂ ಅಷ್ಟು ನಂದು ಎಲ್ಲೈತಿ?"

"ಅದಕ್ಕರಿ," ಅಂದಳು ಕರೆವ್ವ.

ಉಳಿದದ್ದನ್ನು ಅವಳು ಕಂಡಿಕೆ ಸುತ್ತುತ್ತಲೇ ಹೇಳಿದಳು. ಆ ಸನ್ನೆ ಆದ ಕೂಡಲೇ ಸಾವಕಾರರು ಬಾಗಿಲಿಂದ ಬರುತ್ತಾರೆ, ಜೇಬಿನಲ್ಲಿ ರೊಟ್ಟಿಯ ಚೂರು ಇರುತ್ತದೆ ಎಂಬುದನ್ನು ಸರದಾರ ಮರಿಯಿದ್ದಾಗಲೇ ಕಲಿತಿದ್ದಾನೆ. ಯಾರದೇ ಬೆರಳು ಮೀಸೆಗೆ ಹೋಗಲಿ, ಅವನು ಎದ್ದು ಬಾಗಿಲಿಗೆ ಹೋಗುತ್ತಾನೆ. ಬೆನ್ನು ಮಾಡಿ ನಿಂತ ನೇಕಾರರಿಗೆ ಸನ್ನೆ ಕಾಣದಿದ್ದರೂ ನಾಯಿ ಎದ್ದದ್ದು ಕಾಣುತ್ತಿತ್ತು. ನಾಯಿ ಹೋದ ಮೇಲೆ ಅವರಿಗೆ ಅದೇ ಕಷ್ಟವಾಗಿದೆ. ಇನ್ನು ಆ ಮಂಗಳವಾರದ ಸಂಗತಿ.

"ನಿಮ್ಮ ಬಾಯಿ ಅದಕ್ಕ ಮಗ್ಗ ಇದ್ದಂಗರಿ. ಸದ್ದು ಅಷ್ಟ. ಕೈ ಖರೆ ಮಾತು. ಅವತ್ತ ನೀವು ಕೈ ಕಟ್ಟಿ ನಿಂತ್ರಿ. ಅದು ನಿಮ್ಮ ಕೈ ನೋಡಿ ನೋಡಿ ಸೋತೈತಿ."

"ಆಕಳಿಸ್ತಲ್ಲ ಮತ್ತ? ನಾ ಕರದ್ರ ನಿದ್ದಿ ಬಂತು ಅದಕ್ಕ."

"ನಿದ್ದಿ ಅಲ್ಲರಿ. ಏನ ಮಾಡಬೇಕು ತಿಳೀದಾಗ ಅದು ಆಕಳಸತೈತಿ. ಹೊಸದಾಗಿ ಬಂದವರಿಗೆ ಕೆಲಸ ಹೇಳಿದ್ರ ತಲಿ ಕೆರಕೋತಾರಲ್ಲರಿ, ಹಂಗ."

ಮುರಗೆಪ್ಪ ಆ ರಾತ್ರಿ ಊಟ ಮಾಡುವಾಗ ಎರಡು ಸಲ ಸಿಟ್ಟಿಗೆದ್ದ, ಮೂರು ಸಲ ನಕ್ಕ. ನಾಯಿ ಕಿವುಡಲ್ಲ ಎಂಬ ಸಂತೋಷ ದೊಡ್ಡದು. ಅದಕ್ಕೆ ಕನ್ನಡ ಬರುವುದಿಲ್ಲ ಎಂಬ ದುಃಖ ಸಣ್ಣದೇನಲ್ಲ. ರತ್ನಾಬಾಯಿ ಎಲ್ಲ ಕೇಳಿ, ನಾಳೆಯೇ ಹೋಗಿ ಕರೆದುಕೊಂಡು ಬಾ ಎಂದಳು. ಕಾಗೆಗಳು ಕೊಬ್ಬಿ ಅಂಗಳ ಬಿಟ್ಟು ಹೋಗುತ್ತಿಲ್ಲವಂತೆ.

ಕಷ್ಟ ಬೇರೆ ಇತ್ತು. ಚನಮಲ್ಲಪ್ಪ ಈಗ ಕಿವುಡ ನಾಯಿಯನ್ನು ಕೊಡುವುದಲ್ಲ, ದೈವದ ನಾಯಿಯನ್ನು ಕೊಡಬೇಕು. ಬರಿಯ ಮಾತಿಗೆ ಅವನು ಬಗ್ಗುವವನಲ್ಲ. ಸನ್ನೆ ಮಾಡಿಯೇ ತೋರಿಸಬೇಕು. ಅಂದರೆ ಅಕ್ಕನ ಗಂಡನ ಎದುರಿಗೆ, ಅವನ ಮನೆಯ ಕಟ್ಟೆಯ ಮೇಲೆ ಕುಳಿತು, ಮುರಗೆಪ್ಪ ಮೀಸೆ ತಿರುವಬೇಕು. ಹಿರಿಯರ ಮುಂದೆ ಮೀಸೆ ಮುಟ್ಟಿದರೆ ಏನರ್ಥ ಎಂದು ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅಷ್ಟಕ್ಕೇ ಹೆಣ್ಣು ಕೊಡುವುದು ತರುವುದು ನಿಂತುಹೋದ ಮನೆತನಗಳಿವೆ.

ಮುಧೋಳದ ತನಕ ಬಸ್ಸಿನಲ್ಲಿ ಅವನು ಇದನ್ನೇ ಯೋಚಿಸಿದ. ಅಲ್ಲಿ ಬಸ್ಸು ಬದಲಿಸಿದ ಮೇಲೆ, ಒಂದು ಸಲ ರೂಢಿ ಮಾಡಿ ನೋಡೋಣವೆಂದು ಬೆರಳು ತುಟಿಗೆ ಒಯ್ದ. ಎದುರು ಸೀಟಿನಲ್ಲಿ ಕುಳಿತಿದ್ದ, ಕುಸ್ತಿಯವನ ಹಾಗಿದ್ದ ಒಬ್ಬಾತ ಅವನನ್ನೇ ದುರುಗುಟ್ಟಿ ನೋಡಿ ಅಂಗಿಯ ತೋಳು ಮೇಲೇರಿಸಿಕೊಂಡ. ಮುರಗೆಪ್ಪ ಮೂಗು ಕೆರೆದುಕೊಂಡು ಕಿಟಕಿಯ ಹೊರಗಿನ ಕಬ್ಬು ನೋಡತೊಡಗಿದ.

ಬಸ್ಸು ಲೋಕಾಪುರ ಕ್ರಾಸಿನಲ್ಲಿ ಹಾರ್ನು ಹೊಡೆದು ನಿಂತಾಗ ಹೊತ್ತು ನೆತ್ತಿಯ ಮೇಲಿತ್ತು. ಚನಮಲ್ಲಪ್ಪ ಕಟ್ಟೆಯ ಮೇಲೆ ಕ್ಷೌರಕ್ಕೆ ಕುಳಿತಿದ್ದ. ಕೊರಳಿನಿಂದ ಮೊಣಕಾಲ ತನಕ ಬಿಳಿ ಬಟ್ಟೆ, ಎರಡೂ ಕೈ ಅದರೊಳಗೆ. ಮೀಸೆ ಕ್ಷೌರದ ಲಗಮಣ್ಣನ ಕತ್ತರಿಯ ವಶದಲ್ಲಿತ್ತು. ಅಂಗಳದ ಬೇವಿನ ನೆರಳಿನಲ್ಲಿ ಸರದಾರ ಮಲಗಿದ್ದ. ಬಸ್ಸು ನಿಂತರೂ ಏಳಲಿಲ್ಲ.

ಮುರಗೆಪ್ಪ ಗೇಟು ತಳ್ಳಿದ. ನಾಯಿ ಕಣ್ಣು ತೆರೆಯಿತು. ಬೇವಿನಿಂದ ಗೇಟಿಗೆ ನಲವತ್ತು ಹೆಜ್ಜೆ ಇದ್ದೀತು. ಅಷ್ಟರ ಪೈಕಿ ನಾಯಿಯ ಕಾಲು ನೆಲಕ್ಕೆ ತಾಗಿದ್ದು ನಾಲ್ಕೈದು ಕಡೆ ಇರಬೇಕು. ಅವನ ಸುತ್ತ ಮೂರು ಸುತ್ತು ಓಡಿ, ಧೂಳೆಬ್ಬಿಸಿ, ಮೂತಿಯನ್ನು ಅವನ ಬಗಲಲ್ಲಿ ತೂರಿಸಿ ಸುಮ್ಮನೆ ನಿಂತಿತು. ಆಮೇಲೆ ಜೇಬು ಮೂಸಿತು. ರೊಟ್ಟಿ ಇತ್ತು.

ಸದ್ದಿಗೆ ಮುತ್ತವ್ವ ಹೊರಗೆ ಬಂದಳು. "ಅಯ್ಯ, ನಮ್ಮ ಮುರಗ್ಯಾ. ನಾಯಿ ಹೇಳಲೇ ಇಲ್ಲಲ್ಲೋ ನೀ ಬರ್ತಿ ಅಂತ. ಒಲಿಗೆ ಬೆಂಕಿ ಸುದ್ದಾ ಇಲ್ಲ."

ಲಗಮಣ್ಣ ಕತ್ತರಿ ತೆಗೆಯುವವರೆಗೂ ಚನಮಲ್ಲಪ್ಪ ಬಾಯಿ ಬಿಡುವ ಹಾಗಿರಲಿಲ್ಲ. ತೆಗೆದ ಮೇಲೆ ಅವನು ತೀರ್ಪು ಕೊಟ್ಟ: ಮನೆಯವರು ಬಂದರೆ ನಾಯಿ ಹೇಳುವುದಿಲ್ಲ, ಪರರು ಬಂದರೆ ಮಾತ್ರ ಹೇಳುತ್ತದೆ. ದೈವದ ವ್ಯವಹಾರದಲ್ಲಿ ಇಂಥ ಸೂಕ್ಷ್ಮಗಳಿರುತ್ತವೆ.

ಊಟವಾಯಿತು. ಲಗಮಣ್ಣನೂ ಅಲ್ಲೇ ಉಂಡ. ಎಲೆಯಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಾಗ ಮುರಗೆಪ್ಪ ಕೈ ಕಟ್ಟಿಕೊಂಡು ನಿಧಾನವಾಗಿ ಎಲ್ಲ ಹೇಳಿದ. ಶೆಡ್ಡು, ಕೈಮಾತು, ಕರೆವ್ವ, ರೊಟ್ಟಿಯ ಚೂರು. ಮೀಸೆಯ ಸಂಗತಿ ಬಂದಾಗ ದನಿ ತಗ್ಗಿಸಿದ. ಹಾರ್ನು ಕೇಳಿ ಮಾಮಾ ಮೀಸೆಗೆ ಕೈ ಹಾಕುತ್ತಾರೆ, ಅದನ್ನು ನೋಡಿ ನಾಯಿ ಏಳುತ್ತದೆ, ಹಾರ್ನಿನ ಬಸ್ಸಿನಿಂದ ಇಳಿದವರು ಬರುತ್ತಾರೆ. ಕ್ರಾಸಿನ ಮನೆಗೆ ಜನ ಬಾರದ ದಿನ ಯಾವುದಿದೆ.

ಚನಮಲ್ಲಪ್ಪ ತಾಳ್ಮೆಯಿಂದ ಕೇಳಿದ. "ಅಂದರ ನನ್ನ ಮನೀಗೆ ಬೀಗರು ಬರೂದನ್ನ ಹೇಳೂದು ನಾಯಿ ಅಲ್ಲ, ನನ್ನ ಮೀಸಿ."

"ಹಂಗಲ್ಲರಿ ಮಾಮಾರ. ನೀವ ಒಂದ ಸಲ ತಿರುವಿ ನೋಡ್ರಿ."

"ನೀ ಹೇಳಿದಾಗ ಮೀಸಿ ತಿರುವಾಕ ನಾ ಏನ ನಾಟಕದ ಪಾರ್ಟ ಮಾಡಾಕತ್ತೇನೇನು?"

ಅವನು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಗಟ್ಟಿಯಾಗಿ ಕುಳಿತ. ನಾಯಿ ಮುರಗೆಪ್ಪನ ಕಾಲ ಬಳಿ ಮಲಗಿ, ಅವನ ಕಟ್ಟಿದ ಕೈಯನ್ನೇ ನೋಡುತ್ತಿತ್ತು. ನೋಡಿ ನೋಡಿ ಆಕಳಿಸಿತು.

ಆ ಆಕಳಿಕೆ ಮುರಗೆಪ್ಪನಿಗೆ ಈಗ ಅರ್ಥವಾಗುತ್ತಿತ್ತು. ಅದೇ ಅವನನ್ನು ಕೆಡಿಸಿತು. ಅಪ್ಪನನ್ನೂ ಅಜ್ಜನನ್ನೂ ಮನಸ್ಸಿನಲ್ಲೇ ನೆನೆದು ಕ್ಷಮೆ ಕೇಳಿ, ಕೈ ಬಿಚ್ಚಿ, ಅಕ್ಕನ ಗಂಡನ ಕಣ್ಣಲ್ಲಿ ಕಣ್ಣಿಟ್ಟು, ಇದ್ದಷ್ಟು ಮೀಸೆಯನ್ನು ತಿರುವಿದ.

ಕಟ್ಟೆಯ ಮೇಲೆ ಗಾಳಿ ನಿಂತಿತು. ಲಗಮಣ್ಣ ಎಲೆ ಅಗಿಯುವುದನ್ನು ನಿಲ್ಲಿಸಿದ.

"ನನ್ನ ಮುಂದ," ಎಂದ ಚನಮಲ್ಲಪ್ಪ ಮೆಲ್ಲಗೆ, "ನನ್ನ ಕಟ್ಟಿ ಮ್ಯಾಲ ಕುಂತು."

"ಮಾಮಾರ, ನನ್ನ ಬ್ಯಾಡ. ನಾಯಿ ನೋಡ್ರಿ."

ಸರದಾರ ಎದ್ದಿದ್ದ. ಮೈ ಮುರಿದು, ಅಂಗಳ ದಾಟಿ, ಗೇಟಿಗೆ ಹೋಗಿ ರಸ್ತೆ ನೋಡುತ್ತ ನಿಂತ. ನಡುವೆ ಒಮ್ಮೆ ಹಿಂತಿರುಗಿ ಮುರಗೆಪ್ಪನನ್ನು ನೋಡಿದ. ಇಲ್ಲೊಬ್ಬ ಇರುವಾಗ ಬರಬೇಕಾದ ಇನ್ನೊಬ್ಬ ಯಾರು ಎಂಬ ಅನುಮಾನ ಅವನಿಗೂ ಬಂದಂತಿತ್ತು. ಆದರೂ ಸನ್ನೆ ಸನ್ನೆಯೇ. ಒಳಗಿನಿಂದ ಪಾತ್ರೆಯ ಸದ್ದು ಕೇಳಿಸಿತು. ಕಿಟಕಿಯಿಂದ ನಾಯಿಯನ್ನು ಕಂಡ ಮುತ್ತವ್ವ ಬೈಯುತ್ತ ನೀರಿಡುತ್ತಿದ್ದಳು.

ಐದು ನಿಮಿಷವಾಯಿತು. ಹತ್ತಾಯಿತು. ಆ ಹೊತ್ತಿಗೆ ಯಾವ ಬಸ್ಸೂ ಇರಲಿಲ್ಲ. ಯಾರೂ ಬರಲಿಲ್ಲ. ನಾಯಿ ಮತ್ತೊಮ್ಮೆ ಹಿಂತಿರುಗಿ ನೋಡಿದಾಗ ಮುರಗೆಪ್ಪ ಬೆರಳು ಒಳಗೆಳೆದು ಕರೆದ, ಬಾಯಿ ಬಿಡದೆ. ನಾಯಿ ಓಡಿ ಬಂತು. ಅಂಗೈ ಕೆಳಗೆ ಮಾಡಿದ. ಕೂತಿತು.

ಚನಮಲ್ಲಪ್ಪ ನಾಯಿಯನ್ನು ಮೂತಿಯಿಂದ ಬಾಲದ ತನಕ ನೋಡಿದ. ಆಮೇಲೆ, ಸವಾಲಿಗೆ ಉತ್ತರ ಕೊಡಲೆಂದೋ ನಿಜ ನೋಡಲೆಂದೋ ತನಗೇ ಗೊತ್ತಿಲ್ಲದವನ ಹಾಗೆ, ಆಗಷ್ಟೇ ಎಣ್ಣೆ ಹಚ್ಚಿದ ತನ್ನ ಮೀಸೆಯನ್ನು ತಿರುವಿದ. ನಾಯಿ ಎದ್ದು ಗೇಟಿಗೆ ಹೋಯಿತು.

ಚಹಾದ ಕಪ್ಪು ಹಿಡಿದು ಬಂದ ಮುತ್ತವ್ವ ಬಂದವರೆಲ್ಲಿ ಎಂದಳು. ತಮ್ಮ ಹೇಳಿದ. ಅವಳು ಕಪ್ಪು ಕೆಳಗಿಟ್ಟು, ನಾಯಿಯನ್ನು ಕರೆಸಿ, ಗಂಡನ ಎದುರಿಗೆ ಬಂದು ನಿಂತು, ಹೆಬ್ಬೆರಳು ತೋರುಬೆರಳು ಕೂಡಿಸಿ, ಮೂಗುಬೊಟ್ಟಿನ ಕೆಳಗೆ ಗತ್ತಿನಿಂದ ತಿರುವಿದಳು. ನಾಯಿ ಎದ್ದು ಗೇಟಿಗೆ ಹೋಯಿತು.

"ಈ ಮೀಸಿ ಸಲುವಾಗಿ ತಿಂಗಳಾತು ನಾ ಒಲಿ ಊದಾಕತ್ತೇನಿ," ಎಂದು ಗಂಡನಿಗೆ ಹೇಳಿದಳು. "ಇನ್ನ ಮ್ಯಾಲ ಯಾರ ಮೀಸಿ ಅದಾವೋ ಅವರ ಊದಲಿ." ಒಳಗೆ ಹೋದಳು. ಒಳಗಿನಿಂದ ನಗು ಬಹಳ ಹೊತ್ತು ಕೇಳಿಸಿತು.

ಚನಮಲ್ಲಪ್ಪ ಯೋಚನೆಗೆ ಬಿದ್ದ. ಯೋಚನೆಗೆ ಬಿದ್ದಾಗಿನ ರೂಢಿಯಂತೆ ಕೈ ಮೇಲೆದ್ದಿತು. ಅರ್ಧ ದಾರಿಯಲ್ಲಿ ನಾಯಿ ತನ್ನನ್ನೇ ನೋಡುತ್ತಿರುವುದು ಕಂಡು ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತ. ಸ್ವಂತ ಮನೆಯಲ್ಲಿ ಸ್ವಂತ ಮೀಸೆ ಮುಟ್ಟಲು ಒಂದು ನಾಯಿಯ ಅಪ್ಪಣೆ ಬೇಕಾದ ಮೇಲೆ ಆ ನಾಯಿಯನ್ನು ಇಟ್ಟುಕೊಳ್ಳುವುದು ಹೇಗೆ. ಆದರೆ ಅವನು ಹಾಗೆ ಹೇಳಲಿಲ್ಲ. ನಾಯಿಗೆ ಕಿವಿ ಸರಿಯಿವೆ, ಕಾಲು ಸರಿಯಿವೆ, ಅದು ಕೆಟ್ಟಿಲ್ಲ. ನೇಕಾರರ ಭಾಷೆ ಕಲಿತಿದೆ, ಅಷ್ಟೇ. ಅದು ಕೆಟ್ಟದ್ದರ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ತನ್ನ ಕಟ್ಟಳೆಯ ಪ್ರಕಾರ ತಿರುಗಿ ಕೊಡಬೇಕಾಗುತ್ತದೆ ಎಂದ. ಮೀಸೆ ತಿರುವಿದ್ದನ್ನು ಮನ್ನಿಸಿದ್ದೇನೆ, ಹಾಗೆ ನೋಡಿದರೆ ಅದು ಮೀಸೆಯೂ ಅಲ್ಲ ಎಂದ. ಮುರಗೆಪ್ಪ ಬಗ್ಗಿ ಕಾಲು ಮುಟ್ಟಿದ.

"ಒಂದ ಮಾತು," ಎಂದ ಚನಮಲ್ಲಪ್ಪ. "ಈ ಸುದ್ದಿ ಕ್ರಾಸು ದಾಟಬಾರದು."

ಲಗಮಣ್ಣ ಪೆಟ್ಟಿಗೆ ಮುಚ್ಚಿ ಎದ್ದು, ತನಗೆ ಇನ್ನೂ ನಾಲ್ಕು ಮನೆಯ ಕೆಲಸವಿದೆ ಎಂದು ಹೊರಟ. ಅವನು ಗೇಟು ದಾಟುವುದನ್ನು ಮೂವರೂ ನೋಡಿದರು, ನಾಯಿಯನ್ನು ಸೇರಿಸಿ.

ಮುರಗೆಪ್ಪ ಅದೇ ಸಂಜೆ ಜೀಪಿನಲ್ಲಿ ಸರದಾರನನ್ನು ಬನಹಟ್ಟಿಗೆ ತಂದ. ರತ್ನಾಬಾಯಿ ರೊಟ್ಟಿ ಹಾಕಿ, ತಿಂದು ಮುಗಿಸುವ ತನಕ ನಿಂತು, ತಿಂದರೂ ಇದರ ಪಕ್ಕೆಲುಬು ಹೋಗುವುದಿಲ್ಲವಲ್ಲ ಎಂದು ಬೈದಳು. ಮರುದಿನ ಕರೆಂಟು ಬಂದು ಮಗ್ಗಗಳು ಓಡಿದಾಗ ಮುರಗೆಪ್ಪ ಶೆಡ್ಡಿನ ಹೊರಗೆ ಕಿಂಡಿಯ ಬಳಿ ಅಡಗಿ ನಿಂತು, ಯಾರ ಬೆರಳು ಮೀಸೆಗೆ ಹೋಗುತ್ತದೆಂದು ಕಾದ. ಯಾರದೂ ಹೋಗಲಿಲ್ಲ. ಒಳಗೆ ಕಾಲಿಟ್ಟರೆ ಆರೂ ಮಗ್ಗದ ಮುಂದೆ ಆರೂ ಜನ ನಿಂತಿದ್ದರು. ಕರೆವ್ವ ತಲೆ ಬಗ್ಗಿಸಿ ಕಂಡಿಕೆ ಸುತ್ತುತ್ತಿದ್ದಳು. ಆಣೆ ಮಾಡಿದ್ದರಿಂದ ಅವನು ಕೇಳುವ ಹಾಗಿರಲಿಲ್ಲ.

ನೇಕಾರರು ಸನ್ನೆ ಬದಲಿಸಿದ್ದರು. ಹೊಸ ಸನ್ನೆ ಯಾವುದೆಂದು ಮುರಗೆಪ್ಪನಿಗೆ ಕೊನೆತನಕ ಗೊತ್ತಾಗಲಿಲ್ಲ. ನಾಯಿ ಅದನ್ನು ಐದು ದಿನದಲ್ಲಿ ಕಲಿಯಿತು.